ಕಷ್ಟಕಾಲದಲ್ಲಿ ಕೈಹಿಡಿದವರು

ಮದುವೆಯ ಮನೆಯಲ್ಲಿ ಹಿರಿಯರು ಅಕ್ಷತೆ ಹಾಕಿ ಹರಸುವಾಗ ಧನಧಾನ್ಯ, ಸಂತಾನ, ದೀರ್ಘಾಯುಷ್ಯ ಎಲ್ಲವನ್ನೂ ಹಾರೈಸುತ್ತಾರೆ. ಸಂಬಳ ನಿಂತ ತಿಂಗಳಲ್ಲೂ ನೀವಿಬ್ಬರು ಮುಖಕ್ಕೆ ಮುಖ ಕೊಟ್ಟು ಮಾತನಾಡುವಂತಾಗಲಿ ಎಂದು ಹರಸಿದವರನ್ನು ಮಾತ್ರ ನಾನು ಕಾಣೆ. ಆ ಹೊತ್ತಿನಲ್ಲಿ ಅಂಥ ಮಾತು ಯಾರಿಗೂ ರುಚಿಸುವುದಿಲ್ಲ, ನಿಜ. ಆದರೆ ದಾಂಪತ್ಯದ ಬೆಲೆ ತಿಳಿಯುವುದು ಹೋಳಿಗೆಯ ದಿನದಲ್ಲಲ್ಲ, ಗಂಜಿಯ ದಿನದಲ್ಲಿ. ಆ ಗಂಜಿಯ ದಿನಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಭದ್ರಾವತಿಯಿದೆ. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನವು ೧೯೧೮ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ಕೈಗೊಂಡಿತು. ೧೯೨೩ರಲ್ಲಿ ಉತ್ಪಾದನೆ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರಾ ನದಿಯ ನೀರು, ಇವು ಮೂರೂ ಕೂಡಿದ ಉದ್ಯಮ ಅದು. ಹುಟ್ಟುತ್ತಲೇ ಅದಕ್ಕೆ ಕಷ್ಟ ಬಂತು. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಭಾರ ಹೊತ್ತು ೧೯೨೯ರವರೆಗೆ ನಡೆಸಿದರು. ೧೯೩೬ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಮೂರು ನಾಲ್ಕು ತಲೆಮಾರು ಈ ಊರಿನ ಬದುಕು ಪಾಳಿಯ ಲೆಕ್ಕದಲ್ಲಿ ನಡೆಯಿತು. ಒಲೆ ಹೊತ್ತುವುದು, ಬುತ್ತಿ ಕಟ್ಟುವುದು, ಮಕ್ಕಳು ಮಲಗುವುದು, ಎಲ್ಲಕ್ಕೂ ಕಾರ್ಖಾನೆಯೇ ಗಡಿಯಾರ.

ಆ ಗಡಿಯಾರ ನಿಂತುಹೋದರೆ? ಕಾಗದದ ಕಾರ್ಖಾನೆಯಲ್ಲಿ ೨೦೧೫ರ ಹೊತ್ತಿಗೆ ಉತ್ಪಾದನೆ ನಿಂತಿತು. ಅನೇಕರು ಸ್ವಯಂನಿವೃತ್ತಿ ಪಡೆದು ಹೊರಬಂದರು. ೨೦೨೩ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಆ ವರ್ಷದ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ನಡೆಯತೊಡಗಿದವು. ಈ ಸಂಗತಿಗಳನ್ನು ಪತ್ರಿಕೆಗಳು ಬರೆದವು. ಬಾಗಿಲೊಳಗೆ ಗಂಡಹೆಂಡಿರ ನಡುವೆ ಏನಾಯಿತೆಂಬುದನ್ನು ಯಾವ ಪತ್ರಿಕೆ ಬರೆದೀತು?

ಬರೆದಿಟ್ಟವರು ಇಲ್ಲವೇ ಇಲ್ಲವೆಂದಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪ ಮಾರಿಯೆಂತಾಲ್ ಎಂಬ ಹಳ್ಳಿಯಿದೆ. ಅಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದುದು ಒಂದೇ ಒಂದು ಬಟ್ಟೆ ಗಿರಣಿ. ೧೯೩೦ರ ಸುಮಾರಿಗೆ ಅದು ಮುಚ್ಚಿತು. ಮರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸಲ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಅಲ್ಲಿಗೆ ಹೋಗಿ, ಮನೆಮನೆ ವಿಚಾರಿಸಿ, ತಾವು ಕಂಡುದನ್ನು ೧೯೩೩ರಲ್ಲಿ ಪ್ರಕಟಿಸಿದರು. ಗಂಡಸರಿಗೆ ಈಗ ಬೇಕಾದಷ್ಟು ಬಿಡುವಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಬೀದಿಯಲ್ಲಿ ಅವರ ನಡಿಗೆ ನಿಧಾನವಾಯಿತು; ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹೆಂಗಸರು ಮಾತ್ರ ಬಿರಬಿರನೆ ನಡೆಯುತ್ತಿದ್ದರು, ಏಕೆಂದರೆ ಮನೆಗೆಲಸಕ್ಕೆ ಯಾರೂ ಬೀಗ ಹಾಕಿರಲಿಲ್ಲ. ಇನ್ನೊಂದು ಮಾತನ್ನೂ ಅವರು ಗುರುತಿಸಿದರು. ಕಷ್ಟವು ದಾಂಪತ್ಯದಲ್ಲಿ ಹೊಸದೇನನ್ನೂ ತಂದು ಹಾಕುವುದು ಕಡಿಮೆ. ಮೊದಲೇ ಅಲ್ಲಿದ್ದುದನ್ನು ಎತ್ತಿ ತೋರಿಸುತ್ತದೆ. ವಿರಸದ ಮನೆಯಲ್ಲಿ ವಿರಸ ಹೆಚ್ಚುತ್ತದೆ. ಸರಸವಾಗಿದ್ದ ಮನೆಯಲ್ಲೂ ಸಣ್ಣ ಜಗಳ ಸಾಮಾನ್ಯವಾಗುತ್ತದೆ.

ಹಾಗಾದರೆ ಒಬ್ಬರಿಗೊಬ್ಬರು ಆಸರೆಯಾಗುವುದೆಂದರೇನು? “ಎಲ್ಲಾ ಸರಿಹೋಗತ್ತೆ, ಯೋಚನೆ ಮಾಡಬೇಡಿ” ಎನ್ನುವುದೆ? ಈ ಮಾತು ಕೇಳುವುದಕ್ಕೆ ಇಂಪು. ಆದರೆ ಯಾವುದು ಸರಿಹೋಗುತ್ತದೆ, ಯಾವಾಗ, ಹೇಗೆ ಎಂಬುದು ಹೇಳುವವರಿಗೂ ತಿಳಿಯದು, ಕೇಳುವವರಿಗೂ ತಿಳಿಯದು. ನನ್ನ ಮಟ್ಟಿಗೆ ಆಸರೆಯ ಮೊದಲ ಲಕ್ಷಣ ಇದು: ಮನೆಯ ನಿಜವಾದ ಲೆಕ್ಕ ಇಬ್ಬರಿಗೂ ಗೊತ್ತಿರುವುದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನನ ಕೆಲಸ ಹೋಗಿದೆ. ಹೆಂಡತಿ ಗಾಬರಿಯಾದಾಳೆಂದು ಅವನು ಅದನ್ನು ಹೇಳುವುದಿಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಬುತ್ತಿ ಹಿಡಿದು ಹೊರಡುತ್ತಾನೆ. ಅಲ್ಲಿ ಸಾವಿರ, ಇಲ್ಲಿ ಎರಡು ಸಾವಿರ ಕೈಗಡ ತಂದು ಸಂಬಳವೆಂದು ಕೊಡುತ್ತಾನೆ. ಅವಳಿಗೆ ಸಂಶಯ ಬಂದರೂ ಕೇಳಿದರೆ ನೊಂದುಕೊಂಡಾರೆಂದು ಕೇಳುವುದಿಲ್ಲ. ಇಬ್ಬರಲ್ಲೂ ಪ್ರೀತಿಯಿದೆ, ಇಬ್ಬರೂ ಒಂದೇ ಹಾಸಿಗೆಯ ಎರಡು ತುದಿಯಲ್ಲಿ ನಿದ್ದೆಗೆಟ್ಟು ಮಲಗಿದ್ದಾರೆ. ಸಾಲ ಮಾತ್ರ ಬೆಳೆಯುತ್ತಿದೆ. ಒಂದು ರಾತ್ರಿ ಅವಳು, “ಏನ್ರೀ, ನನಗೆ ಗೊತ್ತಾಗಿದೆ. ಎಷ್ಟು ಸಾಲ ಆಗಿದೆ ಹೇಳಿ, ಬರೆದಿಡೋಣ” ಎಂದರೆ ಆ ಒಂದು ಮಾತಿಗೆ ನೂರು ಸಮಾಧಾನದ ಮಾತುಗಳು ಸರಿಸಾಟಿಯಲ್ಲ. ಸಾಲ ಕರಗಲಿಲ್ಲ, ನಿಜ. ಆದರೆ ಒಬ್ಬನ ಬೆನ್ನಿನ ಮೇಲಿದ್ದ ಮೂಟೆಗೆ ಎರಡು ಹೆಗಲು ಸಿಕ್ಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆ ಎಷ್ಟಿದೆಯೆಂದು ತಿಳಿದರಲ್ಲವೆ ಕಾಲು ಮಡಿಸುವುದು?

ಸ್ವಯಂನಿವೃತ್ತಿಯ ಇಡುಗಂಟು ಕೈಗೆ ಬಂದ ಮನೆಗೂ ಈ ಮಾತು ಸಲ್ಲುತ್ತದೆ. ಒಮ್ಮೆಗೇ ಬಂದ ಹಣಕ್ಕೆ ನೆಂಟರು ಬಹಳ. ಕೈಸಾಲ ಕೇಳುವವರು, ಹೆಚ್ಚು ಬಡ್ಡಿಯ ಆಸೆ ತೋರಿಸುವವರು, ಎಲ್ಲರೂ ಬರುತ್ತಾರೆ. ಇಬ್ಬರ ಒಪ್ಪಿಗೆಯಿಲ್ಲದೆ ಅದರಲ್ಲಿ ದೊಡ್ಡ ಮೊತ್ತ ಹೊರಗೆ ಹೋಗಬಾರದೆಂಬ ಕಟ್ಟುಪಾಡನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. “ಮನೆಯವಳನ್ನು ಕೇಳಿ ಹೇಳುತ್ತೇನೆ” ಎನ್ನುವುದು ಗಂಡಸಿಗೆ ಅವಮಾನವಲ್ಲ. ಅದು ಅವನಿಗೊಂದು ರಕ್ಷೆ.

ಎರಡನೆಯದು ಕೆಲಸದ ಹಂಚಿಕೆ. ಗಂಡನ ದುಡಿಮೆ ನಿಂತಾಗ ಎಷ್ಟೋ ಮನೆಗಳಲ್ಲಿ ಹೆಂಡತಿ ಹೊರಗೆ ಹೊರಡುತ್ತಾಳೆ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಕೆಲಸವಿದೆ. ಶಿವಮೊಗ್ಗ ಭದ್ರಾವತಿಗಳ ನಡುವೆ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಅಲ್ಲಿಯ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಬಹುಮಂದಿ. ೨೦೨೩ರ ಜೂನಿನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣಕ್ಕೆ ಟಿಕೆಟ್ಟಿನ ಹಣ ಬೇಡವಾದುದು ಅಂಥವರಿಗೊಂದು ಅನುಕೂಲ. ಅವಳು ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕುಳಿತು, ಬಸ್ಸಿನಲ್ಲಿ ನಿಂತು, ಮನೆಗೆ ಬಂದು, ಮತ್ತೆ ಒಲೆಯ ಮುಂದೆ ನಿಲ್ಲಬೇಕಾದರೆ ಅದನ್ನು ಆಸರೆಯೆಂದು ಹೇಗೆ ಕರೆಯೋಣ? ಒಬ್ಬಳೇ ಎರಡು ಪಾಳಿ ದುಡಿದಂತಾಯಿತು. ಕೆಲಸವಿಲ್ಲದ ಗಂಡ ಅಕ್ಕಿ ತೊಳೆದು ಅನ್ನಕ್ಕಿಡಲಿ, ಮಕ್ಕಳಿಗೆ ಪಾಠ ಓದಿಸಲಿ, ಮುಸುರೆ ತಿಕ್ಕಲಿ. ನೆರೆಯವರು ನಕ್ಕಾರು. ಒಂದು ವಾರ ನಕ್ಕು ಸುಮ್ಮನಾಗುತ್ತಾರೆ. ಈ ದುಡಿಮೆಯಿಂದ ಅವನಿಗೂ ಒಂದು ಲಾಭವುಂಟು. ಮಾರಿಯೆಂತಾಲಿನ ಗಂಡಸರು ಕಳೆದುಕೊಂಡದ್ದು ಕೂಲಿಯನ್ನಷ್ಟೇ ಅಲ್ಲ, ದಿನಕ್ಕಿದ್ದ ಆಕಾರವನ್ನು. ಬೆಳಿಗ್ಗೆ ಎದ್ದು ಮಾಡಲೇಬೇಕಾದ ಕೆಲಸವೊಂದು ಇದ್ದರೆ ಆ ಆಕಾರ ಸ್ವಲ್ಪಮಟ್ಟಿಗಾದರೂ ಉಳಿಯುತ್ತದೆ.

ಮೂರನೆಯದು ಮರ್ಯಾದೆ. ಕೆಲಸ ಕಳೆದುಕೊಂಡವನಿಗೆ ಹಸಿವಿಗಿಂತ ಹೆಚ್ಚಾಗಿ ಚುಚ್ಚುವುದು ನಾಲಗೆ. ಅತ್ತೆಯ ಮನೆಯ ಶುಭಕಾರ್ಯದಲ್ಲಿ, “ಭಾವ ಈಗ ಏನು ಮಾಡ್ತಿದಾರೆ?” ಎಂದು ಯಾರೋ ಕೇಳುತ್ತಾರೆ. ಹೆಂಡತಿ ತಲೆ ತಗ್ಗಿಸಬಹುದು; ಅಥವಾ, “ಮನೆ ನಡೆಸ್ತಿದಾರೆ, ಬೇರೆ ಕೆಲಸಾನೂ ನೋಡ್ತಿದಾರೆ” ಎಂದು ತಲೆಯೆತ್ತಿ ಹೇಳಬಹುದು. ಹಾಗೆಯೇ, ಹೆಂಡತಿಯ ಸಂಪಾದನೆಯಲ್ಲಿ ಉಣ್ಣುತ್ತಿದ್ದೇನೆಂಬ ಕಹಿಯನ್ನು ಗಂಡನು ಅವಳ ಮೇಲೆಯೇ ಕಾರದಿರುವುದೂ ಮರ್ಯಾದೆಯ ಮಾತೇ.

ಆಸರೆಯೆಂದರೆ ಹೂಂಗುಟ್ಟುವುದಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ತಿಳಿದದ್ದೇ. ಕಲ್ಯಾಣದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆ, ಬೇರೊಬ್ಬಳಾಗಿದ್ದರೆ ಸಂತೋಷಪಡುತ್ತಿದ್ದಳು. ಲಕ್ಕಮ್ಮ ಅದು ನಮಗೆ ಸಲ್ಲದು ಎಂದು ಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಅವಳ ನಿಷ್ಠುರದಲ್ಲೇ ಅವನಿಗೆ ಆಧಾರವಿತ್ತು. ಕಷ್ಟಕಾಲದಲ್ಲಿ ಮನಸ್ಸು ಅಡ್ಡದಾರಿಗೆ ಬೇಗ ಎಳೆಯುತ್ತದೆ. ಲಾಟರಿ, ಜೂಜು, ಮೀಟರು ಬಡ್ಡಿ, ಮೊಬೈಲಿನಲ್ಲಿ ನಿಮಿಷದಲ್ಲಿ ಸಿಗುವ ಸಾಲ, ಎಲ್ಲವೂ ಕೈಬೀಸಿ ಕರೆಯುತ್ತವೆ. ಆಗ “ಬೇಡ” ಎನ್ನಬಲ್ಲವರೇ ನಿಜವಾಗಿ ಕೈಹಿಡಿದವರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಾಳ್ಮೆಯ ಹೆಸರಿನಲ್ಲಿ ಎಲ್ಲವನ್ನೂ ನುಂಗಬೇಕೆಂದು ನಾನು ಹೇಳುತ್ತಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಜಗಳಕ್ಕೆ ಮಾತ್ರ ಅನ್ವಯಿಸುತ್ತದೆ, ಹೊಡೆತಕ್ಕಲ್ಲ. ಕುಡಿದು ಬಂದು ಕೈಮಾಡುವವನ ಕಷ್ಟಕ್ಕೆ ಮರುಗುತ್ತ ಏಟು ತಿನ್ನುವುದು ಪಾತಿವ್ರತ್ಯವೂ ಅಲ್ಲ, ಧೈರ್ಯವೂ ಅಲ್ಲ. ಮಹಿಳೆಯರ ಸಹಾಯಕ್ಕೆ ೧೮೧ ಎಂಬ ದೂರವಾಣಿ ಸಂಖ್ಯೆಯಿದೆ. ಇನ್ನು ಕೆಲವು ದುಃಖಗಳಿಗೆ ಹೆಂಡತಿಯ ಪ್ರೀತಿ ಸಾಲದು, ಗಂಡನ ಪ್ರೀತಿಯೂ ಸಾಲದು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆಂಬ ಮಾತು ಬಾಯಿಂದ ಬರುತ್ತಿದೆ ಎಂದರೆ ಅದು ವೈದ್ಯರು ನೋಡಬೇಕಾದ ಸ್ಥಿತಿ. ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ ೧೪೪೧೬ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಜೊತೆಯಲ್ಲಿ ಕುಳಿತು ಆ ಸಂಖ್ಯೆಯನ್ನು ಒತ್ತಿಕೊಡುವುದೂ ಆಸರೆಯೇ.

ಧೈರ್ಯವೆಂಬುದು ಯಾರ ಬಳಿಯೂ ಸದಾ ತುಂಬಿರುವ ಕೊಡವಲ್ಲ. ಇವತ್ತು ಅವನದು ಬರಿದು, ನಾಳೆ ಅವಳದು. ಇಬ್ಬರೂ ಒಂದೇ ದಿನ ಕುಸಿಯದಂತೆ ನೋಡಿಕೊಂಡರೆ ಸಂಸಾರ ನಡೆಯುತ್ತದೆ. ಕಾರ್ಖಾನೆಯಲ್ಲಿ ಪಾಳಿಯಿದ್ದಂತೆ ಧೈರ್ಯಕ್ಕೂ ಪಾಳಿ ಹಾಕಿಕೊಳ್ಳಬೇಕು. ಅಳುವವರ ಪಾಳಿಯಲ್ಲಿ ಇನ್ನೊಬ್ಬರು ಒಲೆ ಆರದಂತೆ ಕಾಯಬೇಕು.

ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರುತ್ತವೆ. ಸೇರಿದ ಮೇಲೆ ಆ ಹೊಳೆಗೆ ತುಂಗಭದ್ರೆಯೆಂದೇ ಹೆಸರು. ಒಂದರ ಹೆಸರು ಇನ್ನೊಂದರಲ್ಲಿ ಅಳಿಸಿಹೋಗಲಿಲ್ಲ. ಅಲ್ಲಿಂದ ಮುಂದೆ ಅದು ಹರಿಯುವುದು ಮಲೆನಾಡಿನ ಮಳೆಯಲ್ಲಲ್ಲ, ಬಯಲುಸೀಮೆಯ ಬಿಸಿಲಿನಲ್ಲಿ. ಎರಡು ನೀರು ಕೂಡಿದ್ದರಿಂದಲೇ ಆ ಬಿಸಿಲನ್ನು ದಾಟುವ ಶಕ್ತಿ ಅದಕ್ಕೆ ಬಂದಿದೆ.