ಕೂಗಬೇಕಾದದ್ದನ್ನು ಪಿಸುಗುಟ್ಟಿದರೆ...

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನೋ, ಮಗಳೋ, ಸೊಸೆಯೋ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ರಾತ್ರಿ ಎರಡು ಗಂಟೆಗೆ ಅವರ ಫೋನು ಕಿರುಚುತ್ತದೆ. ಎದ್ದು ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಪ್ಪು ಪರದೆಯ ಮೇಲೆ ಇರುವೆಯ ಸಾಲಿನಂತೆ ಅಕ್ಷರಗಳು ಹರಿಯುತ್ತವೆ. ‘ಏನೋ ಅದು?’ ಎಂದರೆ, ‘ಲಾಗ್ ನೋಡ್ತಿದ್ದೀನಮ್ಮ, ನೀನು ಮಲಗು’ ಎಂಬ ಉತ್ತರ. ಆ ಲಾಗ್ ಅಂದರೇನು, ಅದು ಕೆಲವೊಮ್ಮೆ ಮನುಷ್ಯರನ್ನು ಹಾಸಿಗೆಯಿಂದ ಎಬ್ಬಿಸುವುದೇಕೆ, ಎಬ್ಬಿಸಲೇಬೇಕಾದಾಗ ಎಬ್ಬಿಸದೆ ಇದ್ದರೆ ಏನಾಗುತ್ತದೆ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ನಾನು ಓದಿದ್ದು ಕನ್ನಡ ಬಿ.ಎ. ಹಾಗಾಗಿ ಗಣಕದ ಗಣಿತ ಬರುವುದಿಲ್ಲ, ಹೆದರಬೇಡಿ!

ಲಾಗ್ ಎಂದರೆ ಮೂಲದಲ್ಲಿ ಮರದ ತುಂಡು. ಹಿಂದಿನ ನಾವಿಕರು ಹಗ್ಗಕ್ಕೆ ಗಂಟುಗಳನ್ನು ಹಾಕಿ, ತುದಿಗೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ನಿಗದಿತ ಸಮಯದಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವು ಎಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ‘ನಾಟ್’ ಲೆಕ್ಕದಲ್ಲಿ ಹೇಳುವುದು ಅದಕ್ಕೇ. ಆ ವೇಗವನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ನಮ್ಮ ರೇಡಿಯೋದಲ್ಲೂ ಲಾಗ್ ಬುಕ್ ಇದೆ. ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿ ಧ್ವನಿ ಕಡಿದು ಎಷ್ಟು ಸೆಕೆಂಡು ಮೌನವಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ.

ತಂತ್ರಾಂಶವೂ ಹೀಗೆ ತನ್ನ ದಿನಚರಿ ಬರೆದುಕೊಳ್ಳುತ್ತದೆ. ಏನು ಬರೆಯಬೇಕು ಎಂಬುದನ್ನು ಮಾತ್ರ ಅದನ್ನು ರೂಪಿಸಿದವರು ಮೊದಲೇ ಹೇಳಿಕೊಟ್ಟಿರಬೇಕು. ಒಂದು ರೈಲ್ವೆ ಟಿಕೆಟ್ ಕಾಯ್ದಿರಿಸಿದಿರಿ ಎನ್ನಿ. ನೀವು ಒಳಗೆ ಬಂದದ್ದು, ರೈಲು ಹುಡುಕಿದ್ದು, ಬ್ಯಾಂಕಿಗೆ ಕೋರಿಕೆ ಹೋದದ್ದು, ಉತ್ತರ ಬಂದದ್ದು, ಒಂದೊಂದಕ್ಕೂ ಒಂದೊಂದು ಸಾಲು. ದಿನಕ್ಕೆ ಲಕ್ಷಾಂತರ ಜನ ಬಂದರೆ ಸಾಲುಗಳು ಕೋಟಿ ದಾಟುತ್ತವೆ. ಇಷ್ಟನ್ನು ಕುಳಿತು ಓದುವವರು ಯಾರು? ಯಾರೂ ಇಲ್ಲ. ಆದ್ದರಿಂದ ಪ್ರತಿ ಸಾಲಿನ ಹಣೆಗೂ ಒಂದು ದರ್ಜೆ ಬರೆಯುತ್ತಾರೆ. ‘ಇದು ಬರಿಯ ಮಾಹಿತಿ’, ‘ಇದು ಎಚ್ಚರಿಕೆ’, ‘ಇದು ತಪ್ಪು’, ‘ಇದು ಅಪಾಯ’ ಹೀಗೆ.

ಈ ದರ್ಜೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಪಟ್ಟಿಯ ಮೂಲ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದರು. ಅದರ ಜೊತೆಗೇ ಸಿಸ್‌ಲಾಗ್ ಎಂಬ ವ್ಯವಸ್ಥೆಯನ್ನೂ ಮಾಡಿದರು. ಅದರಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲು. ಸೊನ್ನೆಯೇ ಎಲ್ಲಕ್ಕಿಂತ ಘೋರ, ಏಳು ಎಲ್ಲಕ್ಕಿಂತ ಸೌಮ್ಯ. ನಮ್ಮ ಪರೀಕ್ಷೆಯ ಅಂಕಗಳ ಹಾಗೆ, ಸೊನ್ನೆ ಬಂದರೆ ಮನೆಯಲ್ಲಿ ಗಲಾಟೆ! ಈಗ ಚಾಲ್ತಿಯಲ್ಲಿರುವ ಅದರ ಲಿಖಿತ ನಿಯಮ 2009ರದು, ಆರ್‌ಎಫ್‌ಸಿ 5424.

ಆ ಎಂಟನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಮ್ಮವರ ಒಂದು ಉಡುಪಿ ಹೋಟೆಲಿನ ಅಡಿಗೆಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ‘ಒಗ್ಗರಣೆಗೆ ಸಾಸಿವೆ ಬಿತ್ತು, ಈಗ ಕರಿಬೇವು’ ಎಂದು ಭಟ್ಟರು ತಮ್ಮಷ್ಟಕ್ಕೆ ಗೊಣಗುವುದು ಏಳನೆಯ ದರ್ಜೆ, ಡೀಬಗ್. ಸಾಂಬಾರಿನ ರುಚಿ ಕೆಟ್ಟ ದಿನ ಮಾತ್ರ ಆ ಗೊಣಗಾಟಕ್ಕೆ ಬೆಲೆ. ‘ಹತ್ತನೇ ಟೇಬಲ್ಲಿಗೆ ಮಸಾಲೆ ದೋಸೆ ಹೋಯ್ತು’ ಎಂಬುದು ಇನ್ಫೋ. ‘ಇವತ್ತು ಹಾಲು ತಂದವನು ಬೇರೆ ಹುಡುಗ’ ಎಂಬುದು ನೋಟಿಸ್, ತಪ್ಪೇನಿಲ್ಲ, ಗಮನದಲ್ಲಿರಲಿ. ‘ಉಳಿದಿರುವುದು ಒಂದೇ ಸಿಲಿಂಡರು’ ಎಂದರೆ ವಾರ್ನಿಂಗ್. ಇನ್ನೂ ಏನೂ ಕೆಟ್ಟಿಲ್ಲ, ಸಂಜೆಯೊಳಗೆ ಕೆಡಬಹುದು. ‘ದೋಸೆ ಸೀದುಹೋಯ್ತು, ಗಿರಾಕಿಗೆ ಕೊಡಲಾಗಲಿಲ್ಲ’ ಎಂದರೆ ಎರರ್. ಗ್ರೈಂಡರ್ ನಿಂತು ನಾಳೆಯ ಹಿಟ್ಟೇ ಇಲ್ಲವೆಂದರೆ ಕ್ರಿಟಿಕಲ್. ಗ್ಯಾಸ್ ಸೋರುವ ವಾಸನೆ ಬಂದರೆ ಅಲರ್ಟ್, ಗಲ್ಲೆಯಲ್ಲಿರುವ ಶೆಟ್ಟರು ಎಲ್ಲ ಬಿಟ್ಟು ಓಡಿಬರಬೇಕು. ಬೆಂಕಿ ಹತ್ತಿ ಹೋಟೆಲೇ ಮುಚ್ಚಿದರೆ ಎಮರ್ಜೆನ್ಸಿ.

ಇದರಲ್ಲೊಂದು ಅನುಕೂಲವಿದೆ. ‘ಇಷ್ಟು ದರ್ಜೆಯಿಂದ ಮೇಲಿನದ್ದು ಮಾತ್ರ ನನ್ನ ಕಿವಿಗೆ ಬೀಳಲಿ’ ಎಂದು ಗೆರೆ ಎಳೆಯಬಹುದು. ದಿನನಿತ್ಯದ ಓಡಾಟದಲ್ಲಿ ಡೀಬಗ್ ಮುಚ್ಚಿರುತ್ತದೆ. ರೋಗ ಪತ್ತೆಯಾಗದಿದ್ದಾಗ ತೆರೆಯುತ್ತಾರೆ. ತೆರೆದು ಮುಚ್ಚಲು ಮರೆತರೆ ದಿನಚರಿಯೇ ಬೆಳೆದು ಬೆಳೆದು ಯಂತ್ರದ ಜಾಗವನ್ನೆಲ್ಲ ತುಂಬಿ, ಚೆನ್ನಾಗಿದ್ದ ತಂತ್ರಾಂಶವೂ ಉಸಿರುಕಟ್ಟಿ ನಿಲ್ಲುವುದುಂಟು.

ಆದರೆ ಯಾವ ಸಾಲಿಗೆ ಯಾವ ದರ್ಜೆ ಎಂದು ನಿರ್ಧರಿಸುವುದು ಯಂತ್ರವಲ್ಲ. ಮೊದಲ ದಿನ ಆ ಸಾಲು ಬರೆದ ಮನುಷ್ಯ. ಅವನ ಆ ಹೊತ್ತಿನ ಅಂದಾಜು ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ.

ಮೈಕಿನ ಮುಂದೆ ಕೂರುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಪ್ರಕಟಣೆ ಓದುವಾಗ ‘ಭಾರಿ ಮಳೆ’ ಎಂಬಲ್ಲಿ ‘ವಿಪರೀತ ಮಳೆ’ ಎಂದು ನಮ್ಮ ಇಷ್ಟಕ್ಕೆ ಬಣ್ಣ ಹಚ್ಚುವಂತಿಲ್ಲ. ಅಲ್ಲಿ ವಿಶೇಷಣಗಳಿಗೂ ಅಳತೆಯಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ತಲುಪಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಮುಂಬೈಯವರು ಮರೆಯಲಾಗದ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944 ಮಿಲಿಮೀಟರ್. ಆ ದಿನಕ್ಕೆ ಯಾವ ವಿಶೇಷಣವೂ ಸಾಲದು, ಅದು ಬೇರೆ ಮಾತು. ದಿನವೂ ‘ಅತ್ಯಂತ ಭಾರಿ’ ಎಂದು ಓದುತ್ತಿದ್ದರೆ ನೀವು ಕೊಡೆ ಹಿಡಿದು ಎಂದಿನ ಲೋಕಲ್ ಹತ್ತಲು ಹೋಗುತ್ತಿದ್ದಿರಿ. ಹಳದಿ, ಕಿತ್ತಳೆ, ಕೆಂಪು ಎಂದು ಬೇರೆ ಬೇರೆ ಬಣ್ಣಗಳಿರುವುದು ಆ ಕಾರಣಕ್ಕೇ.

ಈಗ ನ್ಯೂಯಾರ್ಕಿನ ಷೇರುಪೇಟೆಗೆ ಬನ್ನಿ. ದರ್ಜೆ ತಪ್ಪಿದ ಒಂದು ಸಂದೇಶದ ಬೆಲೆ ಎಷ್ಟಾಯಿತು ಎಂಬುದರ ಲೆಕ್ಕ ಅಲ್ಲಿ ಸರ್ಕಾರಿ ದಾಖಲೆಯಲ್ಲೇ ಸಿಗುತ್ತದೆ.

ನೈಟ್ ಕ್ಯಾಪಿಟಲ್ ಎಂಬುದು ಅಮೆರಿಕದ ದೊಡ್ಡ ಷೇರು ವ್ಯವಹಾರ ಸಂಸ್ಥೆಯಾಗಿತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯ ಒಂದು ಹೊಸ ಯೋಜನೆ ಶುರುವಾಗುವುದಿತ್ತು. ಅದಕ್ಕಾಗಿ ಸಂಸ್ಥೆ ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಬಿಟ್ಟುಹೋಯಿತು. ಎಣಿಸಿ ನೋಡಲು ಎರಡನೆಯ ವ್ಯಕ್ತಿ ಇರಲಿಲ್ಲ. ಆ ಎಂಟನೆಯ ಸರ್ವರ್‌ನೊಳಗೆ ‘ಪವರ್ ಪೆಗ್’ ಎಂಬ ಹಳೆಯ ಕಾರ್ಯಕ್ರಮವೊಂದು ಮಲಗಿತ್ತು. ಅದರ ಬಳಕೆ 2003ರಲ್ಲೇ ನಿಂತಿತ್ತು, ಅಳಿಸಿರಲಿಲ್ಲ ಅಷ್ಟೆ. ಹೊಸ ಯೋಜನೆಗೆ ಆರಿಸಿಕೊಂಡ ಸಂಕೇತವೇ ಆ ಹಳೆಯ ಕಾರ್ಯಕ್ರಮವನ್ನು ಎಬ್ಬಿಸುವ ಸಂಕೇತವೂ ಆಗಿತ್ತು.

ಪೇಟೆ ತೆರೆಯುವುದು ಬೆಳಿಗ್ಗೆ 9.30ಕ್ಕೆ. ಅಂದು 8.01ರ ಸುಮಾರಿಗೇ ಸಂಸ್ಥೆಯ ಗಣಕವ್ಯವಸ್ಥೆ ತಾನಾಗಿ ಇಮೇಲ್ ಕಳಿಸಲು ತೊಡಗಿತು. ಅದರಲ್ಲಿದ್ದ ದೋಷದ ವಿವರಣೆ, ‘ಪವರ್ ಪೆಗ್ ಡಿಸೇಬಲ್ಡ್’. ಒಂದಲ್ಲ ಎರಡಲ್ಲ, ಪೇಟೆ ತೆರೆಯುವ ಮೊದಲು 97 ಸಂದೇಶಗಳು! ರೋಗ ಎಲ್ಲಿದೆ ಎಂದು ಯಂತ್ರವೇ ಹೆಸರು ಹಿಡಿದು ಹೇಳುತ್ತಿತ್ತು. ಕೈಯಲ್ಲಿ ಸುಮಾರು ಒಂದೂವರೆ ಗಂಟೆ ಸಮಯವೂ ಇತ್ತು. ಆದರೆ ಆ ಬಗೆಯ ಸಂದೇಶಗಳನ್ನು ತುರ್ತು ಎಚ್ಚರಿಕೆಗಳೆಂದು ರೂಪಿಸಿಯೇ ಇರಲಿಲ್ಲ. ಬಂದಾಗ ತೆರೆದು ನೋಡುವ ರೂಢಿಯೂ ಸಿಬ್ಬಂದಿಗೆ ಇರಲಿಲ್ಲ. ಅಲರ್ಟ್ ಆಗಬೇಕಿದ್ದದ್ದು ಇನ್ಫೋದ ಉಡುಪು ತೊಟ್ಟು ಬಂದು, ಬಾಗಿಲಲ್ಲಿ ನಿಂತು, ಹಾಗೆಯೇ ಉಳಿಯಿತು.

9.30ಕ್ಕೆ ಪೇಟೆ ತೆರೆಯಿತು. ಮುಂದಿನ 45 ನಿಮಿಷಗಳಲ್ಲಿ, ಗಿರಾಕಿಗಳು ಕೊಟ್ಟ 212 ಆದೇಶಗಳನ್ನು ಪೂರೈಸುವ ನೆಪದಲ್ಲಿ, ಆ ವ್ಯವಸ್ಥೆ 40 ಲಕ್ಷಕ್ಕೂ ಹೆಚ್ಚು ವಹಿವಾಟು ಮಾಡಿತು. 154 ಕಂಪನಿಗಳ 39.7 ಕೋಟಿಗೂ ಮೀರಿದ ಷೇರುಗಳು ಕೈಬದಲಾದವು. ಆ ಗಾಬರಿಯಲ್ಲಿ ತಂತ್ರಜ್ಞರು ಮಾಡಿದ್ದೇನು ಗೊತ್ತೇ? ಹೊಸ ತಂತ್ರಾಂಶವೇ ಕೆಟ್ಟಿದೆ ಎಂದುಕೊಂಡು ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದುಹಾಕಿದರು. ಒಂದೇ ಕಡೆ ಎದ್ದಿದ್ದ ಭೂತ ಎಂಟೂ ಕಡೆ ಎದ್ದಿತು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ, 2013ರಲ್ಲಿ, ಸಂಸ್ಥೆ ಇನ್ನೊಂದು ಸಂಸ್ಥೆಯಲ್ಲಿ ವಿಲೀನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ 1.2 ಕೋಟಿ ಡಾಲರ್ ದಂಡ ವಿಧಿಸಿತು. ನಾನು ಹೇಳಿದ ಅಂಕಿಗಳು ಆ ಆಯೋಗದ ಆದೇಶದಲ್ಲಿರುವವು.

ನನ್ನನ್ನು ಕಾಡುವುದು ಆ 46 ಕೋಟಿಯಲ್ಲ, 97 ಎಂಬ ಸಂಖ್ಯೆ. ‘ಯಾರೂ ಹೇಳಲಿಲ್ಲ’ ಎಂದು ಅಲ್ಲಿ ದೂರುವಂತಿರಲಿಲ್ಲ. ಹೇಳಿತ್ತು. ದನಿ ಮಾತ್ರ ಎಂದಿನ ದನಿಯಾಗಿತ್ತು.

ಹಾಗಾದರೆ ಎಲ್ಲವನ್ನೂ ಕೂಗಿಯೇ ಹೇಳಿಬಿಡಲಿ ಎನ್ನುತ್ತೀರಾ? ಅದೂ ನಡೆಯುತ್ತದೆ, ಇನ್ನೂ ಹೆಚ್ಚಾಗಿ. ಬಳಕೆದಾರನೊಬ್ಬ ಪಾಸ್‌ವರ್ಡ್ ತಪ್ಪಾಗಿ ಒತ್ತಿದರೂ ‘ಎರರ್’ ಎಂದು ಬರೆಯುವ ತಂತ್ರಾಂಶಗಳಿವೆ. ಕೆಟ್ಟದ್ದು ತಂತ್ರಾಂಶವೇ? ಅಲ್ಲ, ಆತನ ನೆನಪು! ಅದು ಇನ್ಫೋ ಆಗಬೇಕು. ಅದೇ ಒಂದೇ ಜಾಗದಿಂದ ನಿಮಿಷಕ್ಕೆ ಸಾವಿರ ಸಲ ತಪ್ಪು ಪಾಸ್‌ವರ್ಡ್ ಬಂದರೆ ಯಾರೋ ಕಳ್ಳ ಬಾಗಿಲು ತಳ್ಳುತ್ತಿದ್ದಾನೆಂದು ಅರ್ಥ, ಆಗ ದರ್ಜೆ ಏರಬೇಕು. ಹೀಗೆ ವಿವೇಚಿಸದೆ ಬರೆದ ಎರರ್‌ಗಳು ಒಂದು ರಾತ್ರಿಗೆ ಹತ್ತು ಸಲ ಫೋನು ಬಾರಿಸುತ್ತವೆ. ಹನ್ನೊಂದನೆಯದು ನಿಜವಾದ ಬೆಂಕಿಯಾದರೂ ನಿಮ್ಮ ಮಗ ಮಗ್ಗುಲು ಬದಲಿಸಿ ಮಲಗುತ್ತಾನೆ. ಅದು ಅವನ ಸೋಮಾರಿತನವಲ್ಲ, ಕಿವಿ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ.

ಅನುಭವಿಗಳು ದರ್ಜೆ ಹಾಕುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಸರಳವಾದದ್ದು. ಇದನ್ನು ನೋಡಿ ಯಾರು, ಯಾವಾಗ, ಏನು ಮಾಡಬೇಕು? ಈಗಲೇ ಏಳಬೇಕೆ, ಬೆಳಿಗ್ಗೆ ಕಾಫಿ ಕುಡಿದು ನೋಡಿದರೆ ಸಾಕೆ, ಅಥವಾ ಯಾರೂ ಏನೂ ಮಾಡಬೇಕಿಲ್ಲವೆ? ಜೊತೆಗೆ ‘ಏನೋ ತಪ್ಪಾಗಿದೆ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಆರ್ಡರ್, ಯಾವ ಬ್ಯಾಂಕ್, ಎಷ್ಟು ಹೊತ್ತಿಗೆ ಎಂಬುದು ಬೇಕು. ಹೊತ್ತಿನ ವಿಷಯದಲ್ಲೂ ಒಂದು ತೊಡಕಿದೆ. ಅನೇಕ ಸರ್ವರ್‌ಗಳು ಜಾಗತಿಕ ಪ್ರಮಾಣ ಕಾಲವನ್ನು ಬರೆಯುತ್ತವೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಲಾಗಿನಲ್ಲಿ ಬೆಳಗಿನ 3 ಎಂದಿದ್ದರೆ ಇಲ್ಲಿ ಎಂಟೂವರೆ, ಡಬ್ಬಿ ಕಟ್ಟುವ ಸಮಯ.

ಏನು ಬರೆಯಬಾರದು ಎಂಬುದೂ ಅಷ್ಟೇ ಮುಖ್ಯ. ಈಗ ಎಕ್ಸ್ ಎಂಬ ಹೆಸರು ಪಡೆದಿರುವ ಟ್ವಿಟರ್, 2018ರ ಮೇ ತಿಂಗಳಲ್ಲಿ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸಲಹೆ ಮಾಡಿತು. ಗುಪ್ತವಾಗಿರಬೇಕಾದ ಪಾಸ್‌ವರ್ಡ್‌ಗಳು ಮುಸುಕಿಲ್ಲದೆ ಒಳಗಿನ ಲಾಗಿನಲ್ಲಿ ದಾಖಲಾಗಿದ್ದವು. 2021ರ ಡಿಸೆಂಬರಿನಲ್ಲಿ ಜಗತ್ತೇ ಬೆಚ್ಚಿದ್ದು ಲಾಗ್‌ಫೋರ್‌ಜೆ ಎಂಬ ದಿನಚರಿ ಬರೆಯುವ ಸಾಧನದಿಂದ. ಹೊರಗಿನವರು ಕಳಿಸಿದ ಒಂದು ಬಗೆಯ ಸಾಲನ್ನು ಅದು ಸುಮ್ಮನೆ ಬರೆದುಕೊಳ್ಳುವ ಬದಲು ಅಪ್ಪಣೆಯೆಂದು ತಿಳಿದು ಪಾಲಿಸುತ್ತಿತ್ತು! ಆ ದೋಷದ ತೀವ್ರತೆಗೆ ಬಿದ್ದ ಅಂಕ 10ಕ್ಕೆ 10.

ಕೊನೆಗೆ ನನ್ನ ವಿಷಯಕ್ಕೆ, ಅಂದರೆ ಕನ್ನಡಕ್ಕೆ. ಕಾಷನ್, ವಾರ್ನಿಂಗ್, ಅಲರ್ಟ್ ಮೂರಕ್ಕೂ ನಾವು ‘ಎಚ್ಚರಿಕೆ’ ಎಂದೇ ಬರೆದು ಕೈತೊಳೆದುಕೊಳ್ಳುತ್ತೇವೆ. ಪತ್ರಿಕೆಗಳು ‘ಕಟ್ಟೆಚ್ಚರ’ವನ್ನು ಸೇರಿಸಿವೆ. ಮನೆಯ ಮಾತಿನಲ್ಲಾದರೆ ಮೆಟ್ಟಿಲುಗಳು ಚೆನ್ನಾಗಿವೆ. ಊರಿಗೆ ಹೊರಟವರಿಗೆ ‘ಜೋಪಾನ’, ಒದ್ದೆ ನೆಲದ ಮೇಲೆ ‘ಹುಷಾರು’, ಮಗು ಒಲೆಯ ಹತ್ತಿರ ಹೋದರೆ ‘ಏಯ್!’. ನಿಮ್ಮ ಸೀಮೆಯಲ್ಲಿ, ಕರಾವಳಿಯಾಗಲಿ, ಧಾರವಾಡವಾಗಲಿ, ಕಲಬುರ್ಗಿಯಾಗಲಿ, ಇಂಥ ಮಾತುಗಳು ಇನ್ನೇನಿವೆ? ಸೌಮ್ಯದಿಂದ ಘೋರಕ್ಕೆ ಕ್ರಮವಾಗಿ ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿ. ಬಂದವುಗಳನ್ನು ಮುಂದಿನ ಪತ್ರೋತ್ತರದಲ್ಲಿ ಓದುತ್ತೇನೆ.