ಹಾಲು ಬಿಡಿಸಿದರೆ ಹಟ ನಿಲ್ಲುವುದೇ?



ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಒಂದು ಮನೆ. ವಿಶೇಷ ಮಕ್ಕಳ ಶಿಕ್ಷಣದ ಬಗ್ಗೆ ಒಂದು ಕಾರ್ಯಕ್ರಮ ಚಿತ್ರೀಕರಿಸಲು ನಾವು ಅಲ್ಲಿಗೆ ಹೋಗಿದ್ದೆವು. ಮನೆಯ ಹುಡುಗನಿಗೆ ಏಳು ವರ್ಷ. ಮಾತು ಬಂದಿಲ್ಲ. ಗೋಣಿಚೀಲದ ಒಂದು ಎಳೆಯನ್ನು ಕಣ್ಣಿನ ಮುಂದೆ ಹಿಡಿದು ಗಂಟೆಗಟ್ಟಲೆ ತಿರುಗಿಸುತ್ತಾನೆ. ನಮ್ಮವರು ದೀಪ ಹಚ್ಚಿದ ಕೂಡಲೇ ಅವನು ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. ದೀಪ ಆರಿಸಿದೆವು. ಆ ಮಣಿಕಟ್ಟಿನ ಚರ್ಮ ಎತ್ತಿನ ಹೆಗಲಿನಂತೆ ಗಟ್ಟಿಯಾಗಿ ಹೋಗಿತ್ತು.

ಅವನ ತಾಯಿ ಹೇಳಿದರು: “ಹಾಲು ಬಿಡಿಸೀನ್ರಿ ಸರ್. ಚಪಾತಿ ಬಿಡಿಸೀನಿ, ಬಿಸ್ಕತ್ತು ಬಿಡಿಸೀನಿ. ಸಕ್ಕರಿ ಡಬ್ಬಿ ಮಾಡಿನ ಮ್ಯಾಲೆ ಇಟ್ಟೀನಿ. ಮೊದಲನೇ ತಿಂಗಳು ಚೊಲೋ ಮಲಗಿದ. ಈಗ ಮತ್ತ ಹಿಂಗ. ಇನ್ನ ಏನ್ ಬಿಡಿಸಬೇಕ್ರಿ?”

“ಹಾಲು ಬಿಟ್ಟ ಮೇಲೆ ಚೆನ್ನಾಗಿ ಮಲಗಿದ” ಎಂಬ ಮಾತು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು. ನಮ್ಮ ಕಸುಬಿನಲ್ಲಿ ಇಂಥ ಒಂದು ವಾಕ್ಯ ಸಿಕ್ಕರೆ ಅರ್ಧ ಕಾರ್ಯಕ್ರಮ ಮುಗಿದಂತೆ. ಸಂಕಲನದ ಕೊಠಡಿಯಲ್ಲಿ ಕುಳಿತಾಗ, ಒಂದು ಕಾಲಕ್ಕೆ ಬಿ.ಎಸ್‌ಸಿ. ಓದಿದ ನನ್ನ ಮನಸ್ಸು ತಕರಾರು ತೆಗೆಯಿತು. ಕೊನೆಗೆ ಆ ಮಾತನ್ನು ನಾನು ಪ್ರಸಾರ ಮಾಡಲಿಲ್ಲ. ಏಕೆ ಮಾಡಲಿಲ್ಲ ಎಂಬುದೇ ಇವತ್ತಿನ ಭಾಷಣದ ವಿಷಯ.

ಮೊದಲು ಆಟಿಸಂ ಎಂದರೇನು ಎಂದು ನೋಡೋಣ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಈ ಮಕ್ಕಳಿಗೆ ಜನರೊಡನೆ ಬೆರೆಯುವುದು ಕಷ್ಟ, ಮಾತು ತಡ ಅಥವಾ ವಿಚಿತ್ರ, ದಿನಚರಿಯಲ್ಲಿ ಒಂದಿಷ್ಟೂ ಬದಲಾವಣೆ ಸಹಿಸರು. ಆ ಮಕ್ಕಳಲ್ಲಿ ಹಲವರು ಕೂಸಾಗಿದ್ದಾಗಲೇ ಊಟಕ್ಕೆ ತೊಂದರೆ ಕೊಡುತ್ತಿದ್ದರೆಂದೂ ಕ್ಯಾನರ್ ಬರೆದಿದ್ದಾರೆ. ಆಟಿಸಂ ಅಂಟುರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. ಅದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು.

ಇದು ತಿಳಿಯುವ ಮುಂಚೆ ಸುಮಾರು 20 ವರ್ಷಗಳ ಕಾಲ ಪಶ್ಚಿಮದ ದೊಡ್ಡ ದೊಡ್ಡ ಪಂಡಿತರು, ತಾಯಿಯ ಪ್ರೀತಿ ತಣ್ಣಗಿರುವುದೇ ಕಾರಣ ಎಂದು ಹೇಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಪುಸ್ತಕ ಬರೆದು ಇದನ್ನು ಅಲ್ಲಗಳೆದರು. ಅವರೇ ಒಬ್ಬ ಆಟಿಸಂ ಮಗುವಿನ ತಂದೆ. ತಾಯಿಯ ಎದೆಯ ಮೇಲಿದ್ದ ಆರೋಪ ಹೋಯಿತು. ಆದರೆ ಆಹಾರದ ಮಾತು ಬಂದಾಗಲೆಲ್ಲ ಅದೇ ಆರೋಪ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಹಾಲು, ಗೋಧಿ ಬಿಡಿಸುವ ವಿಚಾರ ಹುಟ್ಟಿದ್ದು ಹೇಗೆ? 1979ರಲ್ಲಿ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ಒಂದು ಊಹೆ ಮಂಡಿಸಿದರು. ಅಫೀಮಿನಂಥ ವಸ್ತುಗಳನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ಆಟಿಸಂ ಇರುವವರಲ್ಲಿ ಅವುಗಳ ಚಟುವಟಿಕೆ ಮಿತಿಮೀರಿದೆಯೇನೋ ಎಂಬುದು ಅವರ ಪ್ರಶ್ನೆ. ಮುಂದೆ ನಾರ್ವೆ ಮತ್ತು ಇಂಗ್ಲೆಂಡಿನ ಕೆಲವರು ಇದನ್ನು ಊಟಕ್ಕೆ ಜೋಡಿಸಿದರು. ಗೋಧಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ, ಹಾಲಿನಲ್ಲಿ ಕೇಸಿನ್ ಇದೆ. ಇವು ಪೂರ್ತಿ ಜೀರ್ಣವಾಗದೆ ಪೆಪ್ಟೈಡ್ ಎಂಬ ತುಣುಕುಗಳಾಗಿ ಉಳಿಯುತ್ತವೆ, ಸೋರುವ ಕರುಳಿನಿಂದ ರಕ್ತಕ್ಕೆ ಇಳಿದು ಮಿದುಳಿನಲ್ಲಿ ಅಫೀಮಿನಂತೆ ಕೆಲಸ ಮಾಡುತ್ತವೆ ಎಂದರು. ಕೇಳಲು ಎಷ್ಟು ಸರಾಗವಾಗಿದೆ, ನೋಡಿ! ಸರಾಗವಾಗಿದ್ದುದೆಲ್ಲ ನಿಜವಾಗಬೇಕಿಲ್ಲ. ಅದಕ್ಕೇ ಪ್ರಯೋಗ ಬೇಕು.

ಇಲ್ಲಿ ಪ್ರಯೋಗ ಮಾಡುವುದು ನಿಮ್ಮ ಲ್ಯಾಬಿನಲ್ಲಿ ಲಿಟ್ಮಸ್ ಕಾಗದ ಅದ್ದಿದಷ್ಟು ಸುಲಭವಲ್ಲ. ಮಗುವಿನ ವರ್ತನೆಯನ್ನು ನೋಡಿ ಅಂಕ ಕೊಡುವವರು ತಾಯಿ ತಂದೆ. ಅವರಿಗೆ ಆಸೆ ಇದೆ, ಭಯ ಇದೆ. 1994ರಲ್ಲಿ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಪ್ರಯೋಗ ನಡೆಯಿತು. ಸಕ್ಕರೆ ತಿಂದರೆ ನಮ್ಮ ಹುಡುಗ ಹದ್ದುಮೀರುತ್ತಾನೆ ಎಂದು ದೃಢವಾಗಿ ನಂಬಿದ್ದ 35 ತಾಯಂದಿರು ತಮ್ಮ 5ರಿಂದ 7 ವರ್ಷದ ಗಂಡುಮಕ್ಕಳೊಡನೆ ಬಂದರು. ಅವರು ಆಟಿಸಂ ಇದ್ದ ಮಕ್ಕಳಲ್ಲ, ಸಾಮಾನ್ಯ ಮಕ್ಕಳು. ಅರ್ಧ ತಾಯಂದಿರಿಗೆ “ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ” ಎಂದು ಹೇಳಿದರು, ಉಳಿದವರಿಗೆ ಕೊಟ್ಟಿಲ್ಲ ಎಂದರು. ನಿಜಕ್ಕೂ ಯಾರಿಗೂ ಸಕ್ಕರೆ ಕೊಟ್ಟಿರಲಿಲ್ಲ. ಎಲ್ಲರಿಗೂ ಕೊಟ್ಟಿದ್ದು ಸಕ್ಕರೆ ಇಲ್ಲದ ಸಿಹಿ. ಆದರೂ ಸಕ್ಕರೆ ಕೊಟ್ಟಿದ್ದಾರೆಂದು ನಂಬಿದ ತಾಯಂದಿರಿಗೆ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದಂತೆ ಕಂಡರು. ಆ ತಾಯಂದಿರು ಮಕ್ಕಳ ಬೆನ್ನಿಗೇ ನಿಂತು ಹೆಚ್ಚು ಗದರಿದರು ಕೂಡ. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೆಯೇ ಕಂಡಿತ್ತು.

ಆದ್ದರಿಂದ ಯಾವ ದಿನ ಏನು ಕೊಟ್ಟರು ಎಂಬುದು ಕೊಡುವವರಿಗೂ ನೋಡುವವರಿಗೂ ಗೊತ್ತಿರಬಾರದು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಹೀಗೆಯೇ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟಿಸಂ ಇರುವ 14 ಚಿಕ್ಕ ಮಕ್ಕಳಿಗೆ ಕೆಲವು ವಾರ ಗೋಧಿ, ಹಾಲು ಎರಡನ್ನೂ ಪೂರ್ತಿ ನಿಲ್ಲಿಸಿದರು. ಪೋಷಣೆ ಕಡಿಮೆಯಾಗದಂತೆ ಆಹಾರತಜ್ಞರು ನೋಡಿಕೊಂಡರು. ಆಮೇಲೆ 12 ವಾರ, ವಾರಕ್ಕೊಮ್ಮೆ ಒಂದು ತಿಂಡಿ: ಒಮ್ಮೆ ಗೋಧಿಯದು, ಒಮ್ಮೆ ಹಾಲಿನದು, ಒಮ್ಮೆ ಎರಡೂ ಇರುವುದು, ಒಮ್ಮೆ ಎರಡೂ ಇಲ್ಲದ್ದು. ಯಾವುದು ಯಾವುದೆಂದು ಮನೆಯವರಿಗೆ ಗೊತ್ತಿಲ್ಲ. ನಿದ್ರೆಯಲ್ಲಾಗಲಿ, ಮಲವಿಸರ್ಜನೆಯಲ್ಲಾಗಲಿ, ವರ್ತನೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದಕ್ಕೂ ಮುಂಚೆ 2006ರಲ್ಲಿ ಫ್ಲೋರಿಡಾದಲ್ಲಿ 15 ಮಕ್ಕಳ ಮೇಲೆ ನಡೆದ ಇಂಥದೇ ಪರೀಕ್ಷೆಯಲ್ಲೂ ಅಳತೆಗೆ ಸಿಗುವ ಭೇದ ಕಂಡಿರಲಿಲ್ಲ. ಕೆಲವು ತಂದೆತಾಯಿಗಳು ಮಾತ್ರ “ನಮ್ಮ ಮಗು ಸುಧಾರಿಸಿತು” ಎಂದೇ ಹೇಳಿದರು. ಇವು ಚಿಕ್ಕ ಪ್ರಯೋಗಗಳು. ಯಾವ ಮಗುವಿಗೂ ಎಂದೂ ಉಪಯೋಗವಾಗದು ಎಂದು ಇವುಗಳಿಂದ ಸಾಧಿಸಲಾಗದು. ಆದರೆ ಆಟಿಸಂಗೆ ಇದು ಮದ್ದು ಎಂದು ಹೇಳುವವರ ಕೈಯಲ್ಲಿ ಒಳ್ಳೆಯ ಪುರಾವೆ ಇಲ್ಲ.

ಹಾಗಾದರೆ ಆ ಸಿರುಗುಪ್ಪದ ಹುಡುಗ ಮೊದಲ ತಿಂಗಳು ಮಲಗಿದ್ದು ಸುಳ್ಳೇ? ಅಲ್ಲ. ಈ ಮಕ್ಕಳ ಕಷ್ಟದ ದಿನಗಳು ಅಲೆಯಂತೆ ಏರುತ್ತವೆ, ಇಳಿಯುತ್ತವೆ. ತಾಯಿ ಹೊಸ ಉಪಾಯ ಹೂಡುವುದು ಅಲೆ ತುದಿಗೆ ಏರಿದಾಗ, ಇನ್ನು ತಡೆಯಲಾರೆ ಎಂದಾಗ. ಆಮೇಲೆ ಅಲೆ ಹೇಗೂ ಇಳಿಯುತ್ತದೆ. ಕೀರ್ತಿ ಮಾತ್ರ ಆ ವಾರ ಬಿಡಿಸಿದ ವಸ್ತುವಿಗೆ ಹೋಗುತ್ತದೆ.

ಇನ್ನು ನಮ್ಮ ಬಳ್ಳಾರಿ ಸೀಮೆಯ ಊಟದ ಮಾತು. ತುಂಗಭದ್ರೆಯ ಕಾಲುವೆ ನೀರು ಬರುವ ಮುಂಚೆ ಇಲ್ಲಿನವರ ಹೊಟ್ಟೆ ತುಂಬಿಸುತ್ತಿದ್ದುದು ಹೆಚ್ಚಾಗಿ ಜೋಳ. ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಜೋಳ, ಅಕ್ಕಿ, ರಾಗಿ, ಸಜ್ಜೆ, ನವಣೆ ಯಾವುದರಲ್ಲೂ ಗೋಧಿಯ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿಗೂ ಇಲ್ಲ, ಒಗ್ಗರಣೆ ಮಂಡಕ್ಕಿಗೂ ಇಲ್ಲ, ಕಡಲೆಹಿಟ್ಟಿನ ಮಿರ್ಚಿಗೂ ಇಲ್ಲ. ಪಶ್ಚಿಮದವರು ದುಬಾರಿ ಬೆಲೆಗೆ ಕೊಳ್ಳುವ “ಗ್ಲುಟೆನ್ ಇಲ್ಲದ ಆಹಾರ” ನಮ್ಮ ಅಜ್ಜಿಯರ ದಿನನಿತ್ಯದ ತಟ್ಟೆಯೇ ಆಗಿತ್ತು. ಆದ್ದರಿಂದ ಗೋಧಿ ಬಿಟ್ಟರೆ ಇಲ್ಲಿ ದೊಡ್ಡ ನಷ್ಟವಿಲ್ಲ. ಚಪಾತಿ, ಬ್ರೆಡ್ಡು, ಬಿಸ್ಕತ್ತು, ರವೆ ಉಪ್ಪಿಟ್ಟು ಹೋದವು, ಅಷ್ಟೆ. ಅಂಗಡಿಯಲ್ಲಿ ಆ ಹೆಸರಿನ ದುಬಾರಿ ಪೊಟ್ಟಣ ಕೊಳ್ಳುವ ಅಗತ್ಯವಂತೂ ಇಲ್ಲ.

ಹಾಲು ಬಿಡಿಸುವುದು ಹಾಗಲ್ಲ. ಬಡ ಮನೆಯ, ಬೇರೇನೂ ತಿನ್ನದ ಮಗುವಿಗೆ ಸುಣ್ಣದಂಶ ಬರುವುದೇ ಹಾಲು ಮೊಸರಿನಿಂದ. 2008ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ 75 ಗಂಡುಮಕ್ಕಳ ಕೈಯೆಲುಬುಗಳ ಎಕ್ಸ್-ರೇ ನೋಡಿದಾಗ ಎಲುಬಿನ ದಪ್ಪ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಹಾಲು ಬಿಟ್ಟವರಲ್ಲಿ ಇನ್ನೂ ಕಡಿಮೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಆದರೆ ಮಗು ರಾಗಿ ಅಂಬಲಿ ಬಾಯಿಗೆ ಇಟ್ಟರೆ ತಾನೆ!

ಕುರುಗೋಡಿನಲ್ಲಿ ಕಂಡ ಇನ್ನೊಂದು ಮನೆಯಲ್ಲಿ ಇದೇ ಪೇಚು. ದೊಡ್ಡಬಸವೇಶ್ವರ ಗುಡಿಯ ಕಡೆಯ ಮನೆ, ಅಂಗಳದ ತುಂಬ ಒಣಮೆಣಸಿನಕಾಯಿ. ಒಳಗಿನ ಹುಡುಗಿ ಮಾತ್ರ ಬಿಳಿ ಪದಾರ್ಥವಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಅನ್ನ, ಇಡ್ಲಿ, ಮಂಡಕ್ಕಿ, ಮೊಸರು. ಯಾರೋ ಮೊಸರು ಬಿಡಿಸಿ ಎಂದರು, ಬಿಡಿಸಿದರು. ನಾಲ್ಕರಲ್ಲಿ ಒಂದು ಹೋಯಿತು. ಮೊಸರಿಲ್ಲದೆ ಅನ್ನ ಇಳಿಯದು, ಹಾಗಾಗಿ ಎರಡನೆಯದೂ ಹೋಯಿತು. ಹುಡುಗಿ ಕಡ್ಡಿಯಾದಳು. ವೈದ್ಯರು ಮೊಸರನ್ನು ಮರಳಿ ಕೊಡಿಸಿದರು. ಬಣ್ಣ, ವಾಸನೆ, ನಾಲಿಗೆಯ ಮೇಲಿನ ಸ್ಪರ್ಶ ಇವು ಈ ಮಕ್ಕಳಿಗೆ ನಮಗಿಂತ ನೂರು ಪಾಲು ತೀವ್ರವಾಗಿ ಕಾಡಬಹುದು. ಅವಳದು ಹಟವಲ್ಲ. ಈಗ ಅವಳ ತಾಯಿ ತಟ್ಟೆಯ ಅಂಚಿನಲ್ಲಿ ಚಿಟಿಕೆಯಷ್ಟು ಬೇಳೆ ಇಡುತ್ತಾರೆ. ತಿನ್ನು ಎನ್ನುವುದಿಲ್ಲ. ವಾರಗಳ ಮೇಲೆ ವಾರ ಇಟ್ಟ ಮೇಲೆ ಒಂದು ದಿನ ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿದಳಂತೆ. ಆ ಮನೆಯಲ್ಲಿ ಅದು ಹಬ್ಬ.

ಆಹಾರಕ್ಕೂ ವರ್ತನೆಗೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಂಧ ಇದೆ, ಬೇರೆ ದಾರಿಯಲ್ಲಿ. ಮಾತು ಬಾರದ ಮಗುವಿಗೆ ಹೊಟ್ಟೆ ನೋವು ಬಂದರೆ ಹೇಗೆ ಹೇಳಬೇಕು? ಹಲ್ಲು ಹುಳುಕಾದರೆ? ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಹೊಟ್ಟೆನೋವು ಇತರ ಮಕ್ಕಳಿಗಿಂತ ಹೆಚ್ಚು. ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನೀರು ಕುಡಿಯದ, ಸೊಪ್ಪು ತಿನ್ನದ ಮಗುವಿನ ಕರುಳು ಏನಾಗಬೇಡ? ಆ ನೋವೇ ಕಚ್ಚಾಟವಾಗಿ, ತಲೆ ಚಚ್ಚಾಟವಾಗಿ ಹೊರಬರಬಹುದು. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರೂ ನಮ್ಮಲ್ಲಿ ಬಹಳ. ಅಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ರೋಗವೂ ನಿಜವಾದದ್ದೇ. ಆದರೆ ಅದು ಉತ್ತರ ಭಾರತದಲ್ಲಿ ಇರುವಷ್ಟು ದಕ್ಷಿಣದಲ್ಲಿಲ್ಲ. ಗೋಧಿ ನಿಲ್ಲಿಸುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಬೇಕು, ನಿಲ್ಲಿಸಿದ ಮೇಲೆ ಪರೀಕ್ಷೆ ದಾರಿ ತಪ್ಪಿಸೀತು.

ಯಾರಲ್ಲಿ ಹೋಗಬೇಕು ಎಂದು ನೀವು ಕೇಳಬಹುದು. ಈ ಜಿಲ್ಲೆಗೆ ಅದರಲ್ಲಿ ಒಂದು ಹೆಮ್ಮೆಯ ಚರಿತ್ರೆ ಇದೆ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡುವ ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಲು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. “ಈ ಮಗು ಬೇಡ” ಎಂದು ಶಾಲೆ ಕಳಿಸುವಂತಿಲ್ಲ.

ಮತ್ತೆ ಸಿರುಗುಪ್ಪದ ಮನೆಗೆ ಬರೋಣ. ಆ ಹುಡುಗನಿಗೆ ಪಿ.ಯು.ಸಿ. ವಿಜ್ಞಾನ ಓದುವ ಅಕ್ಕ ಇದ್ದಾಳೆ. ನಮ್ಮ ಮಾತು ಕೇಳಿಸಿಕೊಂಡ ಅವಳು 200 ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದಳು. ದಿನಾಂಕ, ಗಂಟೆ, ಕಚ್ಚಿಕೊಳ್ಳುವ ಮುಂಚೆ ಏನಾಯಿತು, ಆಮೇಲೆ ನಾವೇನು ಮಾಡಿದೆವು, ಏನು ತಿಂದ, ಎಷ್ಟು ಮಲಗಿದ, ಮಲವಿಸರ್ಜನೆ ಆಯಿತೋ ಇಲ್ಲವೋ. ಆರು ವಾರ ಬರೆದಳು. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದಾಗಲೇ ಕಚ್ಚಾಟ ಹೆಚ್ಚು ಎಂದು ಆ ಪುಟಗಳಲ್ಲಿ ಕಂಡಿತು. ಬಳ್ಳಾರಿಯ ಮಕ್ಕಳ ವೈದ್ಯರು ಹೊಟ್ಟೆ ಒತ್ತಿ ನೋಡಿ ತಿಂಗಳುಗಟ್ಟಲೆ ಔಷಧ ಕೊಟ್ಟರು, ಹಾಲನ್ನು ಮರಳಿ ಕೊಡಲು ಅಡ್ಡಿಯಿಲ್ಲ ಎಂದರು. ಕಚ್ಚಾಟ ಕಡಿಮೆಯಾಯಿತು. ನಿಲ್ಲಲಿಲ್ಲ.

ಹಾಲು ಕೊಟ್ಟರೂ ಏನೂ ಹೆಚ್ಚಾಗಿಲ್ಲ ಎಂದು ಹೇಳಿದವಳೇ ತಕ್ಷಣ ತಿದ್ದಿಕೊಂಡಳು: “ಆದ್ರ ಹಾಲು ಕೊಟ್ಟ ದಿನ ಯಾವುದಂತ ನನಗ ಗೊತ್ತಿತ್ತಲ್ರಿ ಸರ್!” ವೈದ್ಯರನ್ನು ಕೇಳಿ ಅಜ್ಜಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡಳು. ಅಜ್ಜಿ ಬೆಳಿಗ್ಗೆ ನಾಣ್ಯ ಚಿಮ್ಮಿ, ರಾಗಿ ಅಂಬಲಿಗೆ ಹಾಲು ಬೆರೆಸುವುದೋ ಬಿಡುವುದೋ ನಿರ್ಧರಿಸಿ ತಾವೇ ಕುಡಿಸುತ್ತಿದ್ದರು. ಕ್ಯಾಲೆಂಡರಿನ ಹಿಂಬದಿಗೆ ಗುರುತು ಹಾಕುತ್ತಿದ್ದರು. ಅಕ್ಕ ನೋಡದೆ ತನ್ನ ಪುಸ್ತಕ ಬರೆಯುತ್ತಿದ್ದಳು. ನಾಲ್ಕು ವಾರದ ಮೇಲೆ ಎರಡನ್ನೂ ಜೋಡಿಸಿ ನೋಡಿದರು. ಹಾಲಿನ ದಿನಕ್ಕೂ ಹಾಲಿಲ್ಲದ ದಿನಕ್ಕೂ ಭೇದವಿರಲಿಲ್ಲ. ಇದು ಒಂದೇ ಮಗುವಿನ ಲೆಕ್ಕ, ಇನ್ನೊಂದು ಮಗುವಿಗೆ ಹೊಂದಬೇಕೆಂದಿಲ್ಲ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ. ಹಾಲಿನ ಅಲರ್ಜಿ ಇರುವ ಮಗುವಿಗೆ ಇದರಿಂದ ಅಪಾಯವಾದೀತು.

ಆ ನಾಲ್ಕು ವಾರಗಳಲ್ಲಿ ಒಂದು ದಿನ ಮಾತ್ರ ಹುಡುಗ ಬೆಳಗಿನಿಂದ ಮಧ್ಯಾಹ್ನದವರೆಗೆ ಮಣಿಕಟ್ಟು ಬಿಟ್ಟಿರಲಿಲ್ಲ. ಅಜ್ಜಿಯ ಗುರುತಿನ ಪ್ರಕಾರ ಅದು ಹಾಲಿಲ್ಲದ ದಿನ. ಅಕ್ಕನ ಪುಸ್ತಕದಲ್ಲಿ “ಮುಂಚೆ ಏನಾಯಿತು” ಎಂಬ ಕಡೆ ಎರಡೇ ಪದಗಳಿದ್ದವು: “ಲೋಟ ಬೇರೆ.” ಅವನ ಹಳೆಯ ಸ್ಟೀಲ್ ಲೋಟ ಅಂದು ಪಕ್ಕದ ಮನೆಗೆ ಹೋಗಿತ್ತು.