ನಮ್ಮ ಲೆಕ್ಕ ಮನೆಯವರಿಗೆ ಗೊತ್ತಿದೆಯಾ?

(ದುಬೈಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ನನಗೆ ಕೊಟ್ಟ ವಿಷಯ ಉಳಿತಾಯ. ಒಂದೇ ರೂಮಿನಲ್ಲಿ ಆರು ಜನ ಮಲಗಿ, ಊರಲ್ಲಿ ಮನೆ ಕಟ್ಟಿಸಿ, ತಂಗಿಯಂದಿರ ಮದುವೆ ಮಾಡಿಸಿದ ನಿಮಗೆ ಉಳಿತಾಯದ ಪಾಠ ಬೇಕಾಗಿಲ್ಲ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನೀವು ಉಳಿಸಿದ ಹಣ ಎಲ್ಲೆಲ್ಲಿ ಇದೆ ಅಂತ ನಿಮ್ಮ ಹೆಂಡತಿಗೆ ಗೊತ್ತಿದೆಯಾ?

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಒಬ್ಬರು ಕಾಕ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಇಲ್ಲಿ ದುಡಿದವರು. ಮಯ್ಯತ್ ಊರಿಗೆ ಕಳಿಸಿದೆವು. ವಾರ ಕಳೆದು ಅವರ ಮಗ ಫೋನ್ ಮಾಡಿದ. "ಕಾಕ, ಉಪ್ಪನ ಹಣ ಯಾವ ಬ್ಯಾಂಕಲ್ಲಿತ್ತು ಅಂತ ನಿಮಗೆ ಗೊತ್ತುಂಟಾ?" ನನಗೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಮೂರು ಪಾಸ್‌ಬುಕ್ ಸಿಕ್ಕಿತು, ಒಂದಕ್ಕೂ ನಾಮಿನಿ ಇಲ್ಲ. ಅವರು ಇಬ್ಬರಿಗೆ ಸಾಲ ಕೊಟ್ಟಿದ್ದರಂತೆ. ಒಬ್ಬರು ತಾವಾಗಿಯೇ ಬಂದು ಹೇಳಿದರು. ಇನ್ನೊಬ್ಬರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮತ್ತೊಬ್ಬರು ಬಂದು "ನನಗೆ ಅವರಿಂದ ಬರಬೇಕು" ಅಂದರು. ನಿಜವೋ ಸುಳ್ಳೋ ಹೇಳುವವರು ಯಾರು? ಆ ಮನೆಯವರು ಎರಡು ವರ್ಷ ಅಲೆದರು. ಕಾಕ ದುಡಿದದ್ದರಲ್ಲಿ ಕೊರತೆ ಇರಲಿಲ್ಲ, ಬರೆದಿಟ್ಟದ್ದರಲ್ಲಿ ಇತ್ತು.

ಮೊದಲು ಬ್ಯಾಂಕಿನ ವಿಷಯ. ಊರು ಬಿಡುವ ಮೊದಲು ತೆರೆದ ಸಾಮಾನ್ಯ ಉಳಿತಾಯ ಖಾತೆಯನ್ನೇ ನಮ್ಮಲ್ಲಿ ಹಲವರು ಈಗಲೂ ನಡೆಸುತ್ತಿದ್ದಾರೆ. ಕೆಲಸಕ್ಕಾಗಿ ವಿದೇಶಕ್ಕೆ ಬಂದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಇದು ಫೆಮಾ ಕಾನೂನಿನ ನಿಯಮ. ಇಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ ಮಾಡಿ. ಅದರ ಹಣವನ್ನು ಬೇಕಾದಾಗ ವಾಪಸು ಇಲ್ಲಿಗೆ ತರಬಹುದು. ಊರಿನ ಮನೆ ಬಾಡಿಗೆಯಂಥ ಆದಾಯ ಎನ್‌ಆರ್‌ಒಗೆ ಹೋಗಲಿ. ಎನ್‌ಆರ್‌ಒ ಬಡ್ಡಿಗೆ ಶೇ. 30 ತೆರಿಗೆ, ಅದರ ಮೇಲೆ ಸೆಸ್ ಮೂಲದಲ್ಲೇ ಕಡಿತವಾಗುತ್ತದೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.

ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹೆಂಡತಿಯನ್ನೋ ಉಮ್ಮನನ್ನೋ 'ಫಾರ್ಮರ್ ಆರ್ ಸರ್ವೈವರ್' ಎಂಬ ರೀತಿಯಲ್ಲಿ ಜಂಟಿಯಾಗಿ ಸೇರಿಸಬಹುದು. ನೀವಿರುವಷ್ಟು ದಿನ ಖಾತೆ ನಿಮ್ಮ ಕೈಯಲ್ಲಿ, ನಿಮ್ಮ ನಂತರ ಅವರ ಕೈಗೆ.

"ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆ, ಅದು ಸಾಕು" ಅನ್ನುವವರಿದ್ದಾರೆ. ಸಾಲುವುದಿಲ್ಲ. ಕೊಟ್ಟವನು ತೀರಿಹೋದ ಕ್ಷಣಕ್ಕೆ ಆ ಅಧಿಕಾರವೂ ಮುಗಿಯುತ್ತದೆ. ಆಮೇಲೆ ಅದನ್ನು ತೋರಿಸಿ, ಅಥವಾ ಎಟಿಎಂ ಕಾರ್ಡ್ ಹಾಕಿ ಹಣ ತೆಗೆದರೆ ತಮ್ಮನೇ ತೊಂದರೆಯಲ್ಲಿ ಸಿಕ್ಕಿಬೀಳುತ್ತಾನೆ.

ಪ್ರತಿ ಖಾತೆಗೂ ನಾಮಿನಿ ಹಾಕಿಸಿ. ಆದರೆ ನಾಮಿನಿ ಅಂದರೆ ಹಣದ ಮಾಲೀಕ ಅಂತಲ್ಲ. ಬ್ಯಾಂಕಿನಿಂದ ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವನು ಅವನು, ಅವನ ಕೈಯಲ್ಲಿರುವುದು ಅಮಾನತ್. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿದೆ. ಉಮ್ಮ, ಹೆಂಡತಿ, ಮಕ್ಕಳ ಪಾಲು ಶರೀಅತ್‌ ಪ್ರಕಾರವೇ ಹಂಚಿಕೆಯಾಗಬೇಕು. ಇದನ್ನು ನಾಮಿನಿಗೆ ಈಗಲೇ, ಎಲ್ಲರ ಎದುರು ಹೇಳಿಬಿಡಿ. ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಮುರಿಯುವುದು ತಪ್ಪುತ್ತದೆ.

ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ತೆರೆದ 'ಉದ್ಗಮ್' ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ತೀರಿಹೋದ ಹಿರಿಯರ ಹೆಸರನ್ನು ಒಮ್ಮೆ ಹುಡುಕಿ ನೋಡಿ.

ಇನ್ನು ಇಲ್ಲಿನ ಹಣ. ಖಾಸಗಿ ಕಂಪನಿಗಳಿಗೆ ಅನ್ವಯಿಸುವ ಯುಎಇ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಇದೆ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಬೇಸಿಕ್ 1,800 ದಿರ್ಹಮ್ ಇರುವವರು 10 ವರ್ಷ ದುಡಿದರೆ ಮೊದಲ ಐದಕ್ಕೆ 6,300, ನಂತರದ ಐದಕ್ಕೆ 9,000, ಒಟ್ಟು 15,300 ದಿರ್ಹಮ್. ಗಮನಿಸಿ, ಲೆಕ್ಕ ಬೇಸಿಕ್ ಮೇಲೆ, ಕೈಗೆ ಬರುವ ಪೂರ್ತಿ ಸಂಬಳದ ಮೇಲಲ್ಲ. ಕೆಲಸಗಾರ ತೀರಿಹೋದರೆ ಈ ಹಣ ಮನೆಯವರ ಹಕ್ಕು. ಆದರೆ ಬೇಸಿಕ್ ಎಷ್ಟು, ಸೇರಿದ ತಾರೀಕು ಯಾವುದು ಅಂತ ಗೊತ್ತಿಲ್ಲದಿದ್ದರೆ ಅವರು ಏನಂತ ಕೇಳುವುದು? ಲೇಬರ್ ಕಾಂಟ್ರಾಕ್ಟ್‌ನ ಒಂದು ಪ್ರತಿ ಊರಿಗೆ ಕಳಿಸಿ.

ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಮರಣವಾದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ನಿದ್ದೆಯಲ್ಲಿ ಹಾರ್ಟ್ ಅಟ್ಯಾಕ್ ಆದರೆ ಈ ಮರಣ ಪರಿಹಾರ ಸಿಗುವುದಿಲ್ಲ. ಅವಧಿ ಮುಗಿದಿದ್ದರೆ ಅದೂ ಇಲ್ಲ. ತಾರೀಕು ನೋಡಿ, ನವೀಕರಿಸಿ.

ಕೊನೆಯದಾಗಿ ಸಾಲ. ಕುರ್‌ಆನಿನ ಅತಿ ಉದ್ದದ ಆಯತ್, ಸೂರಃ ಬಖರಾದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ನಾವು ಮಾತ್ರ "ನಮ್ಮವನಲ್ವಾ, ಬರೆಯುವುದು ಯಾಕೆ" ಅನ್ನುತ್ತೇವೆ. ನಮ್ಮವನೇ ಆದ್ದರಿಂದ ಬರೆಯಬೇಕು. ನಾಳೆ ಅವನ ಮಕ್ಕಳೂ ನಮ್ಮ ಮಕ್ಕಳೂ ಮುಖ ತಿರುಗಿಸಿಕೊಂಡು ಹೋಗಬಾರದಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಮಾಡಿ. ಬ್ಯಾಂಕು, ಶಾಖೆ, ಖಾತೆ ನಂಬರು, ನಾಮಿನಿ. ವಿಮೆ. ಊರಿನ ಜಾಗದ ದಾಖಲೆ ಎಲ್ಲಿದೆ. ಯಾವ ಚಿಟ್‌ಫಂಡಿನಲ್ಲಿ ಎಷ್ಟು ಕಂತು ಕಟ್ಟಿದೆ. ಕೊಡಬೇಕಾದದ್ದು, ಬರಬೇಕಾದದ್ದು. ಯಾರಿಗೆ ಜಾಮೀನು ನಿಂತಿದ್ದೀರಿ. ಕಂಪನಿಯ ಪಿಆರ್‌ಒ ನಂಬರು. ಪಿನ್, ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ನಂಬಿಕೆಯ ಒಬ್ಬರ ಹತ್ತಿರ.

ಹೆಂಡತಿ ತಾನಾಗಿ ಇದನ್ನು ಕೇಳುವುದಿಲ್ಲ. ಕೇಳಿದರೆ "ಗಂಡನ ಹಣದ ಮೇಲೆ ಕಣ್ಣು" ಅನ್ನುವವರಿದ್ದಾರೆ. ಅವಳು ಕೇಳುವ ಮೊದಲು ನಾವೇ ಹೇಳಬೇಕು. ಪ್ರತಿ ವರ್ಷ ರಂಝಾನಿನಲ್ಲಿ ಝಕಾತ್‌ಗೆ ಅಂತ ಎಲ್ಲ ಲೆಕ್ಕ ತೆಗೆಯುತ್ತೇವಲ್ಲ, ಅದೇ ದಿನ ಈ ನೋಟ್‌ಬುಕ್ಕನ್ನೂ ತಿದ್ದಿ ಬರೆಯಿರಿ. ಮೊದಲ ಸಲಕ್ಕೆ ಮಾತ್ರ ರಂಝಾನ್‌ವರೆಗೆ ಕಾಯಬೇಡಿ. ಇವತ್ತು ರಾತ್ರಿ ಮನೆಗೆ ಫೋನ್ ಮಾಡುವಾಗ ಒಂದು ಖಾತೆಯ ವಿವರವನ್ನಾದರೂ ಹೇಳಿ, ಬರೆದುಕೊಳ್ಳಲಿ.

ಅಲ್ಲಾಹನು ನಮ್ಮೆಲ್ಲರಿಗೆ ಆಫಿಯತ್ತಿನ ದೀರ್ಘಾಯುಷ್ಯ ಕೊಡಲಿ, ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ. ಆಮೀನ್. ವಸ್ಸಲಾಂ.